ಸ್ವಂತ ತಳದ ಮೇಲೆ

2019ರ ಫೆಬ್ರವರಿಯ ಒಂದು ರಾತ್ರಿ ಹೊನ್ನಾವರದಿಂದ ಅಕ್ಕನ ಫೋನು ಬಂತು. ಊಟ ಆಯ್ತಾ, ಮುಂಬಯಿಯಲ್ಲಿ ಸೆಕೆ ಹ್ಯಾಗಿದೆ ಎಂಬ ಮಾತೊಂದೂ ಇಲ್ಲ, ನೇರ ವಿಷಯಕ್ಕೇ ಬಂದಳು. "ತಮಾ, ಅಷ್ಟು ದುಬಾರಿ ಬೋಟು ಅಂತಿ. ಅದನ್ನ ಒಂದು ದೊಡ್ಡ ಹಡಗಿನ ಮೇಲೆ ಹೇರಿ ಕಳ್ಸುಕೆ ಆಗುದಿಲ್ವನಾ? ಈ ಹುಡ್ಗನೇ ಸಮುದ್ರದ ಮೇಲೆ ಓಡ್ಸ್ಕಂಡು ಹೋಗ್ಬೇಕಾ?"

ಹುಡುಗ ಎಂದರೆ ಅವಳ ಮಗ, ನನ್ನ ಸೋದರಳಿಯ. ಹೊನ್ನಾವರದ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಡೀಸೆಲ್ ಇಂಜಿನ್ ಬಿಚ್ಚಿ, ಕಟ್ಟಿ ಕೆಲಸ ಕಲಿತವನು. ಅವನನ್ನು ಮುಂಬಯಿಗೆ ಕರೆಸಿ ಮಜಗಾಂವ್ ಕಡೆಯ ಒಂದು ವರ್ಕ್‌ಶಾಪಿಗೆ ಸೇರಿಸಿದವನು ನಾನೇ. ಅಲ್ಲಿ ರಿಪೇರಿಗೆ ಬಂದಿದ್ದ ಅರವತ್ತು ಅಡಿಯ ಒಂದು ಮೋಟಾರ್ ಯಾಚನ್ನು ಮಲೇಷ್ಯಾದ ಲಂಕಾವಿಯವರೊಬ್ಬರು ಕೊಂಡಿದ್ದರು. ಅದನ್ನು ಮುಂಬಯಿಯಿಂದ ಕೊಚ್ಚಿ, ಅಲ್ಲಿಂದ ಶ್ರೀಲಂಕಾದ ಗಾಲೆ, ಅಲ್ಲಿಂದ ಬಂಗಾಳ ಕೊಲ್ಲಿಯ ತಳಭಾಗವನ್ನು ದಾಟಿ ಲಂಕಾವಿಗೆ ಒಯ್ದು ಮುಟ್ಟಿಸಬೇಕು. ಎರಡು ಸಾವಿರ ಮೈಲಿಗೂ ಹೆಚ್ಚಿನ ದಾರಿ. ಒಬ್ಬ ಕ್ಯಾಪ್ಟನ್, ಒಬ್ಬ ಖಲಾಸಿ, ಇಂಜಿನ್ ನೋಡಿಕೊಳ್ಳಲು ನಮ್ಮ ಹುಡುಗ. ಮೂರೇ ಜನ.

ನಾನು ಮೂವತ್ತು ವರ್ಷ ಫೋರ್ಟಿನ ಒಂದು ಆಫೀಸಿನಲ್ಲಿ ಸಮುದ್ರ ವಿಮೆಯ ಫೈಲು ನೋಡಿದವನು. ಬೋಟನ್ನು ಸರಕಾಗಿ ಹೇರಿ ಕಳಿಸಿದರೆ ಒಂದು ಬಗೆಯ ಪಾಲಿಸಿ, ಅದೇ ಬೋಟು ತನ್ನ ಇಂಜಿನ್ನಿನಿಂದ ತಾನೇ ಹೋದರೆ ಇನ್ನೊಂದು ಬಗೆ. ಎರಡನೆಯದಕ್ಕೆ ನಮ್ಮಲ್ಲಿ 'ಆನ್ ಓನ್ ಬಾಟಮ್' ಎನ್ನುತ್ತಿದ್ದೆವು. ಸ್ವಂತ ತಳದ ಮೇಲೆ ಎಂದರ್ಥ. ಆ ಮೂರು ಪದ ಟೈಪು ಮಾಡಿಸಿದ್ದಕ್ಕೆ ಲೆಕ್ಕವಿಲ್ಲ. ಅದರ ಹಿಂದೆ ಒಬ್ಬ ತಾಯಿ ಫೋನು ಹಿಡಿದು ಕೂತಿರುತ್ತಾಳೆ ಎಂದು ಆವರೆಗೆ ಯೋಚಿಸಿರಲಿಲ್ಲ. ಅಕ್ಕನಿಗೆ "ಹಡಗಿಗೆ ಹೇರಿದ್ರೆ ಖರ್ಚು ಜಾಸ್ತಿ ಅಕ್ಕಾ" ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಪೂರ್ತಿ ಉತ್ತರಕ್ಕೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಆ ರಾತ್ರಿ ನಿದ್ದೆ ಬಾರದೆ ನಾನು ಹೋದದ್ದೂ ಅಲ್ಲಿಗೇ.

ಮೊದಲೇ ಒಂದು ಮಾತು. ಇಲ್ಲಿ ಮೈಲಿ ಎಂದರೆ ಸಮುದ್ರದ ಮೈಲಿ, 1.852 ಕಿಲೋಮೀಟರ್. ಗಂಟೆಗೆ ಅಂಥ ಒಂದು ಮೈಲಿ ಹೋದರೆ ಒಂದು ನಾಟ್ ವೇಗ.

ಇಂಜಿನ್ನಿನ ಸಣ್ಣ ಬೋಟೊಂದು ಮಹಾಸಾಗರ ದಾಟಬಲ್ಲದು ಎಂದು ಮೊದಲು ತೋರಿಸಿದ್ದು 1902ರಲ್ಲಿ. ತೋರಿಸಿದ್ದರ ಹಿಂದೆ ಇದ್ದದ್ದು ಸಾಹಸಕ್ಕಿಂತ ವ್ಯಾಪಾರ. ನ್ಯೂಯಾರ್ಕಿನ ಒಂದು ಕಂಪನಿ ಸೀಮೆಎಣ್ಣೆಯಿಂದ ಓಡುವ ಇಂಜಿನ್ ಮಾರಲು ಹೊರಟಿತ್ತು. ಜನಕ್ಕೆ ನಂಬಿಕೆ ಬರಬೇಕಲ್ಲ, ಅದಕ್ಕೆ 38 ಅಡಿಯ ಒಂದು ಬೋಟಿಗೆ ಹತ್ತು ಅಶ್ವಶಕ್ತಿಯ ಇಂಜಿನ್ ಕೂರಿಸಿ ಅಟ್ಲಾಂಟಿಕ್ ದಾಟಲು ಬಿಟ್ಟರು. ಬೋಟಿನ ಹೆಸರು 'ಏಬಿಯಲ್ ಆಬಟ್ ಲೋ'. ಅದರಲ್ಲಿ ಇದ್ದವರು ಇಬ್ಬರೇ: ಕ್ಯಾಪ್ಟನ್ ವಿಲಿಯಂ ನ್ಯೂಮನ್ ಮತ್ತು ಅವರ ಹದಿನಾರು ವರ್ಷದ ಮಗ ಎಡ್ವರ್ಡ್. ಹತ್ತು ಅಶ್ವಶಕ್ತಿ ಎಂದರೆ ಇವತ್ತಿನ ಒಂದು ಸ್ಕೂಟರಿನಷ್ಟು. ಜುಲೈಯಲ್ಲಿ ಹೊರಟವರು 36 ದಿನಗಳ ನಂತರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರು ಸೇರಿದರು. ಸುಮಾರು 3,000 ಮೈಲಿ. ಭಾಗಾಕಾರ ಮಾಡಿ ನೋಡಿದರೆ ಮನುಷ್ಯ ಬಿರಬಿರನೆ ನಡೆಯುವ ವೇಗ.

ದಾರಿಯಲ್ಲಿ ಇಂಜಿನ್ ಕೊಟ್ಟ ತೊಂದರೆಗಿಂತ ಹೆಚ್ಚಿನದನ್ನು ಕೊಟ್ಟಿದ್ದು ಎಣ್ಣೆಯ ಟ್ಯಾಂಕು. ಬೋಟಿನ ಹೊಯ್ದಾಟಕ್ಕೆ ಟ್ಯಾಂಕು ಸೋರಿ ಸೀಮೆಎಣ್ಣೆ ತಳದಲ್ಲಿ ನಿಂತ ನೀರಿಗೆ ಸೇರಿತು. ಮಲಗುವ ಜಾಗವೇ ಎಣ್ಣೆಯ ವಾಸನೆ. ಅಪ್ಪ ಮಗ ಅದರಲ್ಲೇ ಉಂಡರು, ಅದರಲ್ಲೇ ಮಲಗಿದರು. ಇದನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಸಾಗರ ದಾಟುವ ಮೋಟಾರ್ ಬೋಟಿನ ಕತೆ ಇಂಜಿನ್ನಿನ ಕತೆಯಲ್ಲ, ಎಣ್ಣೆಯ ಕತೆ. ಎಷ್ಟು ಹೊರಬೇಕು, ಎಲ್ಲಿ ಹೊರಬೇಕು, ಎಷ್ಟು ನಿಧಾನ ಸುಡಬೇಕು ಎನ್ನುವುದೇ ಮೊದಲಿನಿಂದ ಇವತ್ತಿನವರೆಗೆ ಪ್ರಶ್ನೆ.

ಹತ್ತು ವರ್ಷ ಕಳೆದು 1912ರಲ್ಲಿ ಥಾಮಸ್ ಫ್ಲೆಮಿಂಗ್ ಡೇ ಎಂಬ ಪತ್ರಿಕಾ ಸಂಪಾದಕ ಅದೇ ಕೆಲಸವನ್ನು ಪೆಟ್ರೋಲಿನಿಂದ ಮಾಡಿದ. 'ದಿ ರಡ್ಡರ್' ಎಂಬ ದೋಣಿಗಳ ಪತ್ರಿಕೆ ನಡೆಸುತ್ತಿದ್ದವನು ಆತ. ಬೋಟು 'ಡೆಟ್ರಾಯಿಟ್', 35 ಅಡಿ, 16 ಅಶ್ವಶಕ್ತಿ, ನಾಲ್ಕು ಜನ. ಇಲ್ಲೂ ಬೆನ್ನ ಹಿಂದೆ ಇದ್ದವನು ಇಂಜಿನ್ ತಯಾರಕನೇ, ಡೆಟ್ರಾಯಿಟ್ ನಗರದ ಸ್ಕ್ರಿಪ್ಸ್. ಅದೇ ವರ್ಷ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತ್ತು. ಅದಾದ ಮೂರೇ ತಿಂಗಳಿಗೆ ಈ ಪುಟ್ಟ ಬೋಟು ಅಮೆರಿಕದ ದಡ ಬಿಟ್ಟು, ಐರ್ಲೆಂಡ್ ಮುಟ್ಟಿ, ಕೊನೆಗೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನವರೆಗೂ ಹೋಯಿತು.

ಅಕ್ಕ ಕೇಳಿದ ಪ್ರಶ್ನೆಯನ್ನೇ ನೌಕಾಪಡೆಗಳೂ ಕೇಳಿಕೊಂಡ ಕಾಲ ಆಮೇಲೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಕಾಯಲು ಬ್ರಿಟನ್ನಿಗೆ ಸಣ್ಣ ಮೋಟಾರ್ ಲಾಂಚುಗಳು ಬೇಕಾದವು. ಅಮೆರಿಕದ ಎಲ್ಕೊ ಕಂಪನಿ 1915-16ರಲ್ಲಿ ಇಂಥ 550 ಲಾಂಚುಗಳನ್ನು ಕೆನಡಾದಲ್ಲಿ ಜೋಡಿಸಿ ಕೊಟ್ಟಿತು. ಅವನ್ನು ಸಾಗರದ ಮೇಲೆ ಓಡಿಸಿಕೊಂಡು ಹೋಗುವ ಗೊಡವೆಗೇ ಯಾರೂ ಹೋಗಲಿಲ್ಲ. ಸರಕು ಹಡಗುಗಳ ಡೆಕ್ಕಿನ ಮೇಲೆ ಹೇರಿ ಕಳಿಸಿದರು. ಅಕ್ಕ ಅಲ್ಲಿದ್ದಿದ್ದರೆ ಹೌದೌದು ಎನ್ನುತ್ತಿದ್ದಳು.

1917ರಲ್ಲಿ ಅಮೆರಿಕವೇ ಯುದ್ಧಕ್ಕೆ ಇಳಿದಾಗ ಲೆಕ್ಕ ಬದಲಾಯಿತು. ಅವರು ಕಟ್ಟಿದ್ದು 110 ಅಡಿಯ ಮರದ ಬೋಟುಗಳು, 'ಸಬ್‌ಚೇಸರ್' ಎಂದು ಹೆಸರು, ಪೆಟ್ರೋಲ್ ಇಂಜಿನ್. ಇವು ಸ್ವಂತ ತಳದ ಮೇಲೆಯೇ ಬರ್ಮುಡಾ ಮತ್ತು ಅಜೋರ್ಸ್ ದ್ವೀಪಗಳ ಮೂಲಕ ಯುರೋಪಿಗೆ ಹೋದವು. ತೊಡಕು ಅದೇ ಹಳೆಯದು. ತುಂಬಿದ ಟ್ಯಾಂಕಿನಲ್ಲಿ ಸುಮಾರು 1,000 ಮೈಲಿ ಹೋಗಬಹುದು. ಬರ್ಮುಡಾದಿಂದ ಅಜೋರ್ಸ್‌ಗೆ ಸುಮಾರು 1,800 ಮೈಲಿ. ಹಾಗಾಗಿ ಜೊತೆಗೆ ಎಣ್ಣೆ ಹಡಗು ಕಳಿಸಿ, ನಡುಸಮುದ್ರದಲ್ಲೇ ಕೊಳವೆ ಹಾಕಿ ತುಂಬಿಸಿದರು. ಇವುಗಳಲ್ಲಿ ಫ್ರಾನ್ಸಿಗೆ ಕೊಟ್ಟ ಒಂದು ಬೋಟು 1918ರ ಚಳಿಗಾಲದ ಬಿರುಗಾಳಿಯಲ್ಲಿ ಗುಂಪಿನಿಂದ ತಪ್ಪಿಹೋಯಿತು. ಮುಳುಗಿತು ಎಂದೇ ಎಲ್ಲರೂ ಕೈಬಿಟ್ಟಿದ್ದರು. ಫ್ರೆಂಚ್ ನಾವಿಕರು ಕಂಬಳಿ, ಹಾಸಿಗೆಬಟ್ಟೆಗಳಿಂದ ಹಾಯಿ ಕಟ್ಟಿಕೊಂಡು ವಾರಗಳ ನಂತರ ಅಜೋರ್ಸ್‌ನ ಹೋರ್ತಾ ಬಂದರಿಗೆ ಬಂದು ನಿಂತರು. ಇಂಜಿನ್ ಯುಗದ ಬೋಟನ್ನು ಕೊನೆಗೆ ದಡ ಮುಟ್ಟಿಸಿದ್ದು ನಮ್ಮ ಪತ್ತೇಮಾರಿಗಳ ವಿದ್ಯೆಯೇ!

ಯುದ್ಧ ಮುಗಿದ ಮೇಲೆ ಶ್ರೀಮಂತರ ಸರದಿ. 1921ರಲ್ಲಿ ಕ್ಲೀವ್‌ಲ್ಯಾಂಡಿನ ಆಲ್ಬರ್ಟ್ ಗೋವೆನ್ ದಂಪತಿ 'ಸ್ಪೀಜ್ಯಾಕ್ಸ್' ಎಂಬ 98 ಅಡಿಯ ಮೋಟಾರ್ ಯಾಚಿನಲ್ಲಿ ಭೂಪ್ರದಕ್ಷಿಣೆಗೆ ಹೊರಟು 1922ರಲ್ಲಿ ಮುಗಿಸಿದರು. ಮೋಟಾರ್ ಬೋಟಿನ ಮೊದಲ ಭೂಪ್ರದಕ್ಷಿಣೆ ಎಂದು ಇದಕ್ಕೆ ಹೆಸರು. ಆದರೆ ಪೆಸಿಫಿಕ್ಕಿನ ದೊಡ್ಡ ಭಾಗವೊಂದನ್ನು ಅದು ದಾಟಿದ್ದು ಸ್ಟೀಮರಿಗೆ ಹಗ್ಗ ಕಟ್ಟಿಸಿಕೊಂಡು. ಹಣಕ್ಕೆ ಕೊರತೆಯಿರಲಿಲ್ಲ, ಎಣ್ಣೆಗೆ ಜಾಗದ ಕೊರತೆ. ಇದಕ್ಕೆ ಉತ್ತರವೋ ಎಂಬಂತೆ 1936ರಲ್ಲಿ ಮಾರಿನ್-ಮಾರಿ ಎಂಬ ಫ್ರೆಂಚ್ ಚಿತ್ರಕಲಾವಿದ 'ಆರಿಯೆಲ್' ಎಂಬ ಡೀಸೆಲ್ ಬೋಟಿನಲ್ಲಿ, ತಾನೇ ಚುಕ್ಕಾಣಿ ಹಿಡಿಯುವ ಯಂತ್ರ ಜೋಡಿಸಿಕೊಂಡು, ಒಬ್ಬಂಟಿಯಾಗಿ ನ್ಯೂಯಾರ್ಕಿನಿಂದ ಫ್ರಾನ್ಸಿಗೆ ಮೂರು ವಾರದೊಳಗೆ ಬಂದ. 1902ರ 36 ದಿನ ಎಲ್ಲಿ, ಇದೆಲ್ಲಿ. ಡೀಸೆಲ್ಲಿಗೆ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವ ಅಪಾಯವಿಲ್ಲ, ಅಷ್ಟೇ ಎಣ್ಣೆಗೆ ಹೆಚ್ಚು ದೂರ ಎಳೆಯುತ್ತದೆ. ದೂರ ಹೋಗುವ ಬೋಟಿಗೆ ಡೀಸೆಲ್ಲೇ ಸೈ ಎಂದಾಯಿತು.

ಈ ಇಡೀ ವಿದ್ಯೆಗೆ ಒಂದು ಶಾಸ್ತ್ರ ಬರೆದವನು ರಾಬರ್ಟ್ ಬೀಬಿ, ಅಮೆರಿಕದ ನೌಕಾಪಡೆಯ ನಿವೃತ್ತ ಕ್ಯಾಪ್ಟನ್. ತಾನೇ ನಕ್ಷೆ ಹಾಕಿ 50 ಅಡಿಯ 'ಪ್ಯಾಸೇಜ್‌ಮೇಕರ್' ಎಂಬ ಬೋಟನ್ನು ಸಿಂಗಪುರದಲ್ಲಿ ಕಟ್ಟಿಸಿದ. 1963ರಲ್ಲಿ ಅದರ ಮೊದಲ ದೊಡ್ಡ ಪಯಣ ನಮ್ಮ ಹಿಂದೂ ಮಹಾಸಾಗರವನ್ನೇ ದಾಟಿ ಗ್ರೀಸಿನವರೆಗೆ. ಅನುಭವವನ್ನೆಲ್ಲ ಸೇರಿಸಿ 1975ರಲ್ಲಿ 'ವಾಯೇಜಿಂಗ್ ಅಂಡರ್ ಪವರ್' ಎಂಬ ಪುಸ್ತಕ ತಂದ.

ಆ ಶಾಸ್ತ್ರದ ಸಾರವನ್ನು ಹೇಳುವುದಾದರೆ ಅದು ನಮ್ಮ ಅಜ್ಜಿಯರ ಮಾತಿನಂತೆಯೇ ಇದೆ: ನಿಧಾನ ಹೋಗು, ದೂರ ಹೋಗ್ತೀಯ. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಗಲುವ ಉದ್ದ 49 ಅಡಿ ಇದ್ದರೆ, ಅದರ ವರ್ಗಮೂಲ 7, ಅದನ್ನು 1.34ರಿಂದ ಗುಣಿಸಿದರೆ ಸುಮಾರು 9.4 ನಾಟ್. ಅದರಾಚೆಗೆ ಹೋಗಲು ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು, ಎಣ್ಣೆ ನೀರಿನಂತೆ ಹರಿದುಹೋಗುತ್ತದೆ. ಅದಕ್ಕಿಂತ ಕೆಳಗೆ ಇಳಿದಷ್ಟೂ ಲಾಭ. ಮೈಲಿಯೊಂದಕ್ಕೆ ಬೇಕಾಗುವ ಎಣ್ಣೆ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರಿಳಿಯುತ್ತದೆ. ಎಂಟು ನಾಟಿನಲ್ಲಿ 1,000 ಮೈಲಿಗೆ ಸಾಲುವ ಎಣ್ಣೆ ಆರು ನಾಟಿನಲ್ಲಿ ಸುಮಾರು 1,750 ಮೈಲಿಗೆ ಸಾಲುತ್ತದೆ. ಎದುರುಗಾಳಿ, ಜನರೇಟರು ಎಲ್ಲ ಸೇರಿ ಈ ಲೆಕ್ಕ ತುಸು ಆಚೀಚೆ ಆದೀತು, ಆದರೆ ಸಾಗರ ದಾಟಿಸುವ ಗುಟ್ಟು ಇದೇ. ಹೊಯ್ದಾಟ ತಗ್ಗಿಸಲು ಬೀಬಿ ಬಳಸಿದ ಉಪಾಯವೂ ಮೀನುಗಾರರದ್ದೇ: ಎರಡೂ ಬದಿಗೆ ಉದ್ದನೆಯ ಕೋಲು ಚಾಚಿ, ಅದರ ತುದಿಯಿಂದ ನೀರೊಳಗೆ ಲೋಹದ ಹಲಗೆಗಳನ್ನು ಇಳಿಬಿಡುವುದು.

ಬೀಬಿಯ ದಾರಿಯಲ್ಲೇ ಬೋಟು ಕಟ್ಟುವ ಕಂಪನಿಗಳು ಆಮೇಲೆ ಹುಟ್ಟಿಕೊಂಡವು. 2004ರಲ್ಲಿ ನಾರ್ಡ್‌ಹಾವ್ನ್ ಎಂಬ ಕಂಪನಿ ಹದಿನೆಂಟು ಮೋಟಾರ್ ಯಾಚುಗಳನ್ನು ಒಟ್ಟಿಗೆ ಫ್ಲಾರಿಡಾದಿಂದ ಬರ್ಮುಡಾ, ಹೋರ್ತಾ ಮೂಲಕ ಜಿಬ್ರಾಲ್ಟರಿಗೆ ದಾಟಿಸಿತು. ಸಬ್‌ಚೇಸರುಗಳ ಅದೇ ಹಳೆಯ ದಾರಿ, ಈ ಸಲ ಎಣ್ಣೆ ಹಡಗಿನ ಹಂಗಿಲ್ಲದೆ. ಹೋರ್ತಾದ ಬಂದರಿನ ಗೋಡೆಯ ಮೇಲೆ ಬಂದುಹೋದ ಬೋಟಿನವರು ತಮ್ಮ ಬೋಟಿನ ಹೆಸರು, ಚಿತ್ರ ಬಿಡಿಸಿ ಹೋಗುವ ಪದ್ಧತಿ ಇದೆ. ಹಾಗೆ ಬಿಡಿಸದೆ ಹೋದರೆ ದಾರಿ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ. ನಾವು ದೋಣಿ ನೀರಿಗಿಳಿಸುವಾಗ ತೆಂಗಿನಕಾಯಿ ಒಡೆಯುವುದಿಲ್ಲವೇ, ಹಾಗೆ.

ಇನ್ನು, ಹಡಗಿಗೆ ಹೇರುವ ಮಾತು. ಅದೂ ನಿಂತಿಲ್ಲ. 1980ರ ದಶಕದ ಕೊನೆಯಿಂದ ಯಾಚು ಸಾಗಿಸುವುದಕ್ಕೇ ಬೇರೆ ಬಗೆಯ ಹಡಗುಗಳು ಬಂದವು. ಹಡಗೇ ಅರ್ಧ ಮುಳುಗಿ ನಿಲ್ಲುತ್ತದೆ, ಯಾಚುಗಳು ತೇಲಿಕೊಂಡು ಅದರ ಹೊಟ್ಟೆಗೆ ಹೋಗುತ್ತವೆ, ಆಮೇಲೆ ಹಡಗು ನೀರು ಹೊರಹಾಕಿ ಮೇಲೇಳುತ್ತದೆ. ಕ್ರೇನಿನಿಂದ ಎತ್ತಿ ಡೆಕ್ಕಿನ ಮೇಲೆ ಕೂರಿಸುವುದೂ ಇದೆ. ಆದರೆ ಅಂಥ ಹಡಗು ನಮಗೆ ಬೇಕಾದ ಬಂದರಿಗೆ, ಬೇಕಾದ ದಿನ ಬರಬೇಕಲ್ಲ. ಬಾರದಿದ್ದಾಗ ಮೂರು ಜನರನ್ನು ಹುಡುಕುತ್ತಾರೆ.

ಕೆಲವೊಮ್ಮೆ ಹೇರುವುದೇ ಸರಿಯಾದ ದಾರಿ. 2011ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿಯಿಂದ ಒಮಾನಿನ ಸಲಾಲಾಕ್ಕೆ ಹೊರಟ 'ಕ್ವೆಸ್ಟ್' ಎಂಬ ಹಾಯಿ ಯಾಚನ್ನು ಸೊಮಾಲಿ ಕಡಲ್ಗಳ್ಳರು ಹಿಡಿದರು. ಅದರಲ್ಲಿದ್ದ ನಾಲ್ವರು ಅಮೆರಿಕನ್ನರೂ ಕೊಲೆಯಾದರು. ಅದೇ ವರ್ಷ ಅನೇಕ ಯಾಚುಗಳವರು ಕೆಂಪು ಸಮುದ್ರದ ದಾರಿಯ ಆಸೆ ಬಿಟ್ಟು, ಮಾಲ್ಡೀವ್ಸ್‌ನಲ್ಲಿ ಸರಕು ಹಡಗಿಗೆ ಹೇರಿಸಿಕೊಂಡು ಟರ್ಕಿ ಸೇರಿದರು. 2023ರ ನವೆಂಬರಿನಿಂದ ಅದೇ ಸಮುದ್ರದಲ್ಲಿ ಹಡಗುಗಳ ಮೇಲೆ ಮತ್ತೆ ದಾಳಿ ಶುರುವಾಯಿತು. 'ಕ್ವೆಸ್ಟ್'ನ ಸುದ್ದಿ ಬಂದ ದಿನ ಆಫೀಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಕ್ಕನಿಗೆ ಈ ಕತೆ ಹೇಳಿರಲಿಲ್ಲ. ಹುಡುಗ ಹೋಗುವುದು ಪೂರ್ವಕ್ಕೆ, ಪಶ್ಚಿಮಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೋಟು ಹೊರಟಿದ್ದು ಮಾರ್ಚ್ ಮೊದಲ ವಾರ, ಸಮುದ್ರ ಸಮಾಧಾನವಾಗಿರುವ ಕಾಲ. ಅದು ಇಪ್ಪತ್ತು ನಾಟು ಮೀರಿ ಹಾರಲೆಂದು ಕಟ್ಟಿದ ಬೋಟು. ಹಾಗೆ ಹಾರಿಸಿದ್ದರೆ ಗಾಲೆಯಿಂದ ಲಂಕಾವಿಯ ದಾರಿಯಲ್ಲಿ ಅರ್ಧಕ್ಕೂ ಮುಂಚೆ ಟ್ಯಾಂಕು ಬರಿದಾಗುತ್ತಿತ್ತು. ಏಳೆಂಟು ನಾಟಿನಲ್ಲಿ ತೆವಳಿಸಿಕೊಂಡು ಹೋಗುವುದು ಎಂದು ತೀರ್ಮಾನ. ಡೆಕ್ಕಿನ ಮೇಲೆ ಡೀಸೆಲ್ ಡ್ರಮ್ಮುಗಳನ್ನು ಬಿಗಿದು ಕಟ್ಟಿದರು. ಮೇಲಿನ ಭಾರ ಬೇಗ ಇಳಿಯಬೇಕು, ಅದಕ್ಕೆ ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಡ್ರಮ್ಮಿನದ್ದು ಕೆಳಗೆ ಹೋಗಬೇಕು. ಏನೇ ಆದರೂ ಐದನೇ ಒಂದು ಭಾಗ ಎಣ್ಣೆ ಮುಟ್ಟುವಂತಿಲ್ಲ, ಅದು ಕಷ್ಟಕಾಲಕ್ಕೆ.

ಹೊರಟ ಮರುದಿನ ರಾತ್ರಿ ಅವರು ಉತ್ತರ ಕನ್ನಡದ ಕರಾವಳಿಯ ಎದುರು ಹಾದುಹೋದರು. ದಡದಿಂದ ಹದಿನೈದು ಮೈಲಿ ಹೊರಗೆ. ಕತ್ತಲಲ್ಲಿ ಮೀನುಗಾರರ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮುಗಿಯಿತು, ಹೊರಗಿನವರಿಗೆ ಅದೇ ದೊಡ್ಡ ಹೆದರಿಕೆ. ನಮ್ಮ ಹುಡುಗನಿಗೆ ಬೋಟುಗಳ ದೀಪ ನೋಡಿದರೇ ಬಲೆ ಎತ್ತ ಬಿದ್ದಿದೆ ಎಂದು ಗೊತ್ತು. ಇಂಜಿನ್ ರೂಮಿನಿಂದ ಮೇಲೆ ಕರೆಸಿ ಕ್ಯಾಪ್ಟನ್ ಅವನನ್ನೇ ಮುಂದೆ ನಿಲ್ಲಿಸಿದರಂತೆ. ಆಗ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂತು. ಮನೆಗೆ ಫೋನು ಮಾಡಿದ. "ಅಮ್ಮಾ, ನಾನೀಗ ಹೊನ್ನಾವರದ ಎದುರಿಗೇ ಇದ್ದೆ." ಅಕ್ಕ "ಒಂದ್ ಸಲ ಬಂದು ಉಂಡ್ಕಂಡು ಹೋಗುಕೆ ಆಗುದಿಲ್ವನಾ?" ಎಂದು ಕೇಳುವಷ್ಟರಲ್ಲಿ ಕಟ್ ಆಯಿತಂತೆ.

ಗಾಲೆಯಿಂದ ಲಂಕಾವಿಗೆ ಸುಮಾರು 1,200 ಮೈಲಿ, ಏಳು ದಿನಕ್ಕೂ ಮೇಲೆ. ಎಂಟು ದಿನ ನಮಗೆ ಸುದ್ದಿಯಿಲ್ಲ. ಅಕ್ಕ ದಿನಾ ಫೋನು ಮಾಡುತ್ತಿದ್ದಳು, ನಾನು ದಿನಾ ಅದೇ ಭಾಗಾಕಾರ ಮಾಡಿ ಇಷ್ಟು ದೂರ ಹೋಗಿರ್ತಾನೆ ಎನ್ನುತ್ತಿದ್ದೆ. ನಡುವೆ ಏನಾಯಿತು ಎಂದು ತಿಳಿದದ್ದು ಆಮೇಲೆ. ನಾಲ್ಕನೆಯ ದಿನ ಅಲೆ ಎದ್ದು, ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೆಸರೆಲ್ಲ ಕದಡಿ ಮೇಲೆದ್ದಿದೆ. ಫಿಲ್ಟರು ಕಟ್ಟಿಕೊಂಡು ಮೊದಲು ಒಂದು ಇಂಜಿನ್, ಆಮೇಲೆ ಇನ್ನೊಂದು ನಿಂತಿತು. ನಿಂತ ಬೋಟು ಅಲೆಗೆ ಅಡ್ಡ ತಿರುಗಿ ಹೊಯ್ದಾಡುತ್ತದೆ. ಸುಡುವ ಇಂಜಿನ್ ರೂಮಿನಲ್ಲಿ, ವಾಂತಿ ಮಾಡಿಕೊಳ್ಳುತ್ತ ಫಿಲ್ಟರು ಬದಲಿಸಿ, ಗಾಳಿ ತೆಗೆದು ಮತ್ತೆ ಚಾಲೂ ಮಾಡಲು ಎರಡು ತಾಸು. ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಅದೇ ಕೆಲಸ. ಹೊರಡುವ ಮುಂಚೆ ಎರಡು ಡಜನ್ ಫಿಲ್ಟರ್ ಬೇಕೆಂದು ಹಟ ಹಿಡಿದವನು ಇವನೇ. ಇಷ್ಟೊಂದು ಯಾಕೆ ಎಂದು ಖರ್ಚು ಕೊಡುವವರು ಗೊಣಗಿದ್ದರಂತೆ. ಲಂಕಾವಿ ಮುಟ್ಟಿದಾಗ ಉಳಿದದ್ದು ಮೂರು.

1902ರಲ್ಲಿ ಆ ಹದಿನಾರರ ಹುಡುಗ ಉಸಿರಾಡಿದ್ದೂ ಎಣ್ಣೆಯ ಅದೇ ವಾಸನೆ. ಉಪಗ್ರಹ ಬಂತು, ನಕ್ಷೆ ಪರದೆಯ ಮೇಲೆ ಬಂತು. ತಳದಲ್ಲಿ ಎಣ್ಣೆ ಕಾಯುವ ಮನುಷ್ಯನ ಕೆಲಸ ಮಾತ್ರ ಹೆಚ್ಚೇನೂ ಬದಲಾಗಿಲ್ಲ.

ಬೀಗದ ಕೈ ಮಾಲೀಕರಿಗೆ ಕೊಟ್ಟು, ರುಜು ಹಾಕಿಸಿಕೊಂಡು ಮೂವರೂ ವಿಮಾನ ಹತ್ತಿದರು. ವಾರಗಟ್ಟಲೆ ತೆವಳಿಕೊಂಡು ಹೋದ ದೂರವನ್ನು ಒಂದೇ ದಿನದಲ್ಲಿ ಹಿಂದೆ ಬಂದರು. ಬೋಟು ಮುಟ್ಟಿಸುವವರ ಬದುಕೇ ಹಾಗೆ. ಯಾರದೋ ಮನೆಯನ್ನು ತಮ್ಮದೆಂಬಂತೆ ಕಾಪಾಡಿ ಒಯ್ದು, ತಲುಪಿದ ದಿನ ಕೈಚೀಲ ಹಿಡಿದು ಇಳಿದುಬಿಡಬೇಕು. ನಮ್ಮ ಹಿರಿಯರು ಆಗಬೋಟು ಹತ್ತಿ ಮುಂಬಯಿಗೆ ಬಂದರು, ನಾನು ಬಸ್ಸಿನಲ್ಲಿ ಬಂದೆ. ನಮ್ಮನ್ನು ಯಾರೋ ಹೊತ್ತು ತಂದರು. ಸ್ವಂತ ತಳದ ಮೇಲೆ ಹೋಗುವುದೆಂದರೆ ಏನು ಎಂಬುದನ್ನು ನಮ್ಮ ಮನೆಯಲ್ಲಿ ಮೊದಲು ತಿಳಿದವನು ಇವನೇ.

ಬಂದ ಮೇಲೆ ಹುಡುಗ ಊರಿಗೆ ಹೋಗಿ ಎಂಟು ದಿನ ಮಲಗಿದ. ಅಕ್ಕ ಮತ್ತೆ ಫೋನು ಮಾಡಿದಳು. ಇನ್ನು ಕಳಿಸಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. "ತಮಾ, ಇನ್ನೊಂದ್ ಸಲ ಹೋಪುದಾದ್ರೆ ನಮ್ಮೂರ್ ಎದ್ರಿಗೆ ಹಗಲಲ್ಲಿ ದಾಟುಕೆ ಹೇಳು. ಅಪ್ಸರಕೊಂಡದ ಗುಡ್ಡೆ ಹತ್ತಿ ನಿತ್ಕಂಡು ನೋಡ್ತೆ."

ಹದಿನೈದು ಮೈಲಿ ಆಚೆಗೆ ಹೋಗುವ ಬೋಟು ಗುಡ್ಡ ಹತ್ತಿದರೂ ಕಣ್ಣಿಗೆ ಕಾಣುವುದು ಕಷ್ಟ. ನಾನು ಅದನ್ನು ಹೇಳಲಿಲ್ಲ. "ಹೇಳ್ತೆ ಅಕ್ಕಾ" ಎಂದೆ.